‘ನೀವು’ ಹೋಗಿ ‘ನೀನು’ ಬರುವ ಜಾಗ

ನಮಸ್ಕಾರ.

ಅಭಿಮಾನಿ ಕಥೆಗಳ ಸಂಚಿಕೆಗೆ ನೀವು ಕಳಿಸಿದ ಕಥೆ, ಅದರ ಜೊತೆಗಿದ್ದ ಮೂರು ಪುಟದ ಪತ್ರ, ಎರಡನ್ನೂ ಓದಿದೆ. ಅಮೆರಿಕದ ಟಿವಿ ಧಾರಾವಾಹಿ ‘ದಿ ಎಕ್ಸ್-ಫೈಲ್ಸ್’ನಲ್ಲಿ ವಿಚಿತ್ರ ಪ್ರಕರಣಗಳ ಬೆನ್ನು ಹತ್ತುವ ಎಫ್‌ಬಿಐ ಜೋಡಿ ಮಲ್ಡರ್ ಮತ್ತು ಸ್ಕಲ್ಲಿ ಕನ್ನಡದಲ್ಲಿ ಮಾತಾಡುತ್ತಾ ನನ್ನ ಮೇಜಿಗೆ ಬರುತ್ತಾರೆ ಅಂತ ನಾನು ಎಣಿಸಿರಲಿಲ್ಲ. ನಿಮ್ಮ ಭಾಷೆ ಸರಾಗವಾಗಿದೆ. ಮಳೆಯನ್ನು ಚೆನ್ನಾಗಿ ಬರೆದಿದ್ದೀರಿ. ಆದರೆ ಕಥೆಯನ್ನು ಈಗಿರುವ ಹಾಗೆ ತೆಗೆದುಕೊಳ್ಳಲು ಆಗುವುದಿಲ್ಲ. ಎರಡು ದಿನ ಅದು ನನ್ನನ್ನು ಬಿಡಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಪತ್ರದ ಮಾತು. ಅದರಲ್ಲಿ ಇರುವುದು ಒಂದೇ ವಾದ. ಇವರಿಬ್ಬರ ಪ್ರೀತಿ ನಿಮ್ಮ ಕಲ್ಪನೆಯಲ್ಲ, ಕ್ಯಾನನ್‌ನಲ್ಲೇ ಇದೆ, ಅಂದರೆ ಪರದೆಯ ಮೇಲಿನ ಮೂಲಕಥೆಯಲ್ಲೇ ಇದೆ ಅಂತ. ಸಾಕ್ಷಿಯನ್ನೂ ಕೊಟ್ಟಿದ್ದೀರಿ. 1998ರ ಸಿನಿಮಾದಲ್ಲಿ ಮಲ್ಡರನ ಮನೆ ಹೊರಗಿನ ಕಾರಿಡಾರ್. ಇನ್ನೇನು ಮುತ್ತು ಕೊಡಬೇಕು, ಅಷ್ಟರಲ್ಲಿ ಸ್ಕಲ್ಲಿಗೆ ಜೇನುಹುಳ ಕಚ್ಚುತ್ತದೆ. 1999ರ ನವೆಂಬರಿನಲ್ಲಿ ಪ್ರಸಾರವಾದ ಕಂತಿನಲ್ಲಿ, ಹೊಸ ವರ್ಷ ಹುಟ್ಟುವ ಗಳಿಗೆಯಲ್ಲಿ, ಆಸ್ಪತ್ರೆಯಲ್ಲಿ ಆ ಮುತ್ತು ನಡೆದೇಬಿಡುತ್ತದೆ. 2000ದಲ್ಲಿ ಸ್ಕಲ್ಲಿಯ ಪಾತ್ರ ಮಾಡಿದ ಜಿಲಿಯನ್ ಆಂಡರ್ಸನ್ ತಾವೇ ಬರೆದು ನಿರ್ದೇಶಿಸಿದ ಕಂತು, ಸ್ಕಲ್ಲಿ ಕನ್ನಡಿ ಮುಂದೆ ಬಟ್ಟೆ ಹಾಕಿಕೊಳ್ಳುವುದರಿಂದ ಶುರುವಾಗುತ್ತದೆ. ಆಚೆ ಹಾಸಿಗೆಯಲ್ಲಿ ಮಲ್ಡರ್ ಮಲಗಿದ್ದಾನೆ. ಎಲ್ಲ ಸರಿ. ನಾನೂ ನೋಡಿದ್ದೇನೆ.

ಈ ಜಗಳವೂ ಹಳೆಯದು. 1993ರಲ್ಲಿ ಧಾರಾವಾಹಿ ಶುರುಮಾಡಿದಾಗ ಕ್ರಿಸ್ ಕಾರ್ಟರ್‌ಗೆ ಇವರಿಬ್ಬರ ನಡುವೆ ಪ್ರೇಮ ಬೇಕಿರಲಿಲ್ಲ. ಇಂಟರ್ನೆಟ್ಟಿನ ಮೊದಲ ದಿನಗಳಲ್ಲೇ ಅಭಿಮಾನಿಗಳು ಎರಡು ಪಾಳಯವಾದರು. ಪ್ರೇಮ ಬೇಕು ಅಂದವರು ‘ರಿಲೇಶನ್‌ಶಿಪ್ಪರ್’. ಅದೇ ಬಾಯಲ್ಲಿ ಸವೆದು ‘ಶಿಪ್ಪರ್’ ಆಯಿತು. ಬೇಡ ಅಂದವರು ‘ನೊರೊಮೊ’. ನೋ ರೊಮ್ಯಾನ್ಸ್ ಅನ್ನುವುದರ ಮೊಟಕು. ಇವತ್ತು ಯಾವ ಜೋಡಿಯನ್ನಾದರೂ ‘ಶಿಪ್ ಮಾಡ್ತೀನಿ’ ಅನ್ನುತ್ತಾರಲ್ಲ, ಆ ಮಾತಿನ ಬೇರು ಅಲ್ಲಿದೆ. ನನಗೆ ಎರಡು ಪಾಳಯದ ಮೇಲೂ ತಕರಾರಿಲ್ಲ. ಮೂಲವನ್ನು ಬದಲಿಸಿದರೂ ತಕರಾರಿಲ್ಲ. 941ರಲ್ಲೇ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಆದರೂ ಅವನ ಕಾವ್ಯದಲ್ಲಿ ಅವಳ ಮುಡಿ ಕಟ್ಟುವವನು ಭೀಮನೇ. ಪಂಪನ ಕೈಯಲ್ಲೂ ಮೂಲ ಪೂರ್ತಿ ಜಾಗ ಬಿಡಲಿಲ್ಲ ನೋಡಿ. ಅದಕ್ಕೇ ಬದಲಿಸುವವರು ತುಂಬಾ ಜೋಪಾನವಾಗಿರಬೇಕು.

ನನಗೆ ತಡೆಯಲಾಗದೆ ಹೋದದ್ದು ನಿಮ್ಮ ಮೊದಲ ಮಾತು.

ನೀವು ಮೊದಲ ಕಂತಿನ ಮೋಟೆಲ್ ದೃಶ್ಯವನ್ನೇ ಹೊಸದಾಗಿ ಬರೆದಿದ್ದೀರಿ. ಆರೆಗಾನ್. ಮಳೆ. ಕರೆಂಟು ಹೋಗಿದೆ. ಸ್ಕಲ್ಲಿ ತನ್ನ ಬೆನ್ನ ಮೇಲಿನ ಗುರುತಿಗೆ ಹೆದರಿ ಮಲ್ಡರನ ಕೋಣೆಗೆ ಬರುತ್ತಾಳೆ. ಅವನು ಮೇಣದಬತ್ತಿಯ ಬೆಳಕಿನಲ್ಲಿ ನೋಡಿ, ಸೊಳ್ಳೆ ಕಚ್ಚಿದ್ದು ಅನ್ನುತ್ತಾನೆ. ನಿಮ್ಮ ಕಥೆಯಲ್ಲಿ ಅವನು ಬಾಯಿ ಬಿಡುವುದು ಹೀಗೆ:

“ನೀನು ಹೆದರಬೇಡ ಡಾನಾ, ನಾನಿದ್ದೀನಲ್ಲ,” ಎಂದ ಫಾಕ್ಸ್.

ಫಾಕ್ಸ್ ಯಾರು? ಸ್ಕಲ್ಲಿಗೆ ಡಾನಾ ಇದ್ದ ಹಾಗೆ ಅದು ಮಲ್ಡರನ ಸ್ವಂತ ಹೆಸರು, ನಿಜ. ಆದರೆ ಮೊದಲ ವರ್ಷದ ಒಂದು ಕಂತಿನಲ್ಲಿ, ಕಾರಿನಲ್ಲಿ ಕಾವಲು ಕೂತಾಗ, ಸ್ಕಲ್ಲಿ ಅವನನ್ನು ‘ಫಾಕ್ಸ್’ ಅನ್ನುತ್ತಾಳೆ. ಅವನು ನಗುತ್ತಾನೆ. ಅಪ್ಪ ಅಮ್ಮನ ಕೈಯಲ್ಲೂ ಮಲ್ಡರ್ ಅಂತಲೇ ಕರೆಸಿಕೊಂಡವನು ತಾನು ಅನ್ನುತ್ತಾನೆ. ಇದು ನಿಮಗೂ ಗೊತ್ತು, ಪತ್ರದಲ್ಲಿ ಬರೆದಿದ್ದೀರಿ. ಕಥೆಯಲ್ಲಿ ಮಾತ್ರ ಮರೆತಿರಿ.

ಅದಕ್ಕಿಂತ ದೊಡ್ಡದು ಆ ‘ನೀನು’. ಇವರಿಬ್ಬರ ಪರಿಚಯವಾಗಿ ಎಷ್ಟು ದಿನವಾಯಿತು? ಅವನ ಕೆಲಸದ ಮೇಲೆ ವರದಿ ಬರೆಯಲು ಮೇಲಿನವರು ಕಳಿಸಿದ ಹೆಂಗಸು ಅವಳು. ಅವನಿಗೂ ಅದು ಗೊತ್ತು. ಅವನು ‘ನೀವು’ ಅನ್ನಬೇಕು. ಇಂಗ್ಲಿಷಿನಲ್ಲಿ ಎದುರಿನವರಿಗೆ ಒಂದೇ ಪದ. ಮೇಲಧಿಕಾರಿಗೂ ಅದೇ, ಮಗುವಿಗೂ ಅದೇ. ಹಾಗಾಗಿ ಆ ಧಾರಾವಾಹಿಯವರು ದೂರ, ಹತ್ತಿರ ಎಲ್ಲವನ್ನೂ ಮನೆತನದ ಹೆಸರಿನಲ್ಲಿ ಅಡಗಿಸಿಟ್ಟರು. ಕನ್ನಡದಲ್ಲಿ ನಮಗೆ ಇನ್ನೊಂದು ಬಾಗಿಲಿದೆ. ‘ನೀವು’ ಹೋಗಿ ‘ನೀನು’ ಬರುವ ಒಂದು ಜಾಗ. ಇಂಗ್ಲಿಷಿನ ಶಿಪ್ಪರ್‌ಗಳು ಎಷ್ಟು ಕಥೆ ಬರೆದರೂ ಅವರಿಗೆ ಈ ಬಾಗಿಲಿರಲಿಲ್ಲ. ನಿಮಗಿತ್ತು. ನೀವು ಅದನ್ನು ಮೊದಲ ಪದದಲ್ಲೇ ತೆರೆದುಬಿಟ್ಟಿರಿ. ಇನ್ನು ಒಂಬತ್ತು ಪುಟ ಅವರು ಎಲ್ಲಿಗೆ ಹೋಗಬೇಕು?

ಮುಂದೆ ನಾಲ್ಕನೇ ಪುಟ:

“ರೀ ಮಲ್ಡರ್, ಒಂದು ನಿಮಿಷ ನಿಲ್ಲಿ,” ಎಂದಳು ಸ್ಕಲ್ಲಿ.

ಅವನು ನೀನು ಅನ್ನುತ್ತಾನೆ, ಇವಳು ನೀವು ಅನ್ನುತ್ತಾಳೆ. ನಮ್ಮ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಹೀಗೇ ಮಾತಾಡುತ್ತಾರೆ. ನಿಮಗೇ ಗೊತ್ತಿಲ್ಲದೆ ಇವರ ಮದುವೆ ಮುಗಿಸಿದ್ದೀರಿ, ಅದೂ ಹಳೆ ಕಾಲದ ಮದುವೆ. ಸ್ಕಲ್ಲಿ ಡಾಕ್ಟರು. ಶವಪರೀಕ್ಷೆ ಮಾಡುವವಳು. ಅವನ ಪ್ರತಿ ಮಾತಿಗೂ ಪುರಾವೆ ಕೇಳುವವಳು. ಅವಳನ್ನು ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂರಿಸಿದ್ದು ನನಗೆ ನಿಜವಾಗಲೂ ನೋವಾಯಿತು. ಇಬ್ಬರೂ ‘ನೀವು’ ಅನ್ನಲಿ, ಇಲ್ಲ ಇಬ್ಬರೂ ‘ನೀನು’ ಅನ್ನಲಿ.

ನನಗೆ ಆಗ ಇಪ್ಪತ್ತಮೂರು ವರ್ಷ. ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ಧಾರಾವಾಹಿ ಕಾದಂಬರಿಗೆ ಬರುವ ಓದುಗರ ಪತ್ರಗಳನ್ನು ಒಡೆದು ಜೋಡಿಸುವುದೂ ನನ್ನದೇ. ಇನ್‌ಲ್ಯಾಂಡ್ ಲೆಟರುಗಳ ಕಂತೆ. ಅರ್ಧ ಜನಕ್ಕೆ ನಾಯಕಿ ಆ ಲೆಕ್ಚರರನ್ನು ಮದುವೆಯಾಗಲೇಬೇಕು. ಇನ್ನರ್ಧ ಜನಕ್ಕೆ ಅವಳು ಯಾರನ್ನೂ ಆಗಬಾರದು. ಓದಿ ಓದಿ ನನಗೂ ಕೈ ತುರಿಸಿತು. ಅವರಿಬ್ಬರನ್ನೇ ಇಟ್ಟುಕೊಂಡು ನನ್ನದೊಂದು ಅಧ್ಯಾಯ ಬರೆದೆ. ಹಿರಿಯ ಉಪಸಂಪಾದಕರೊಬ್ಬರಿಗೆ ತೋರಿಸಿದೆ. ಕಥೆಯ ಬಗ್ಗೆ ಅವರು ಏನೂ ಹೇಳಲಿಲ್ಲ. ಹಸಿರು ಶಾಯಿಯಲ್ಲಿ ಹನ್ನೆರಡು ‘ನೀನು’ಗಳಿಗೆ ಸುತ್ತು ಹಾಕಿ, ಪಕ್ಕದಲ್ಲಿ ಒಂದೇ ಸಾಲು ಬರೆದರು. “ಇವರಿಗೆ ಯಾವತ್ತಿಂದ ಇಷ್ಟು ಸಲಿಗೆ?”

ಕೋಪ ಬಂತು. ರಾತ್ರಿ ಕೂತು ಎಲ್ಲವನ್ನೂ ‘ನೀವು’ ಮಾಡುತ್ತಾ ಹೋದೆ. ಆಗ ಬೇರೇನೋ ಆಯಿತು. ‘ಬಾ’ ಹೋಗಿ ‘ಬನ್ನಿ’ ಬಂದ ಕೂಡಲೇ ಅವನು ಅವಳ ಕೈ ಹಿಡಿಯುವ ಹಾಗಿಲ್ಲ. ಬೇರೆ ಏನಾದರೂ ಮಾಡಬೇಕು. ಛತ್ರಿ ಕೊಡಬೇಕು. ಬಸ್ಸಿನ ನಂಬರು ಹೇಳಬೇಕು. ಬಸ್ಸು ಬರುವವರೆಗೂ ಸುಮ್ನೆ ಪಕ್ಕದಲ್ಲಿ ನಿಲ್ಲಬೇಕು. ಬೆಳಗಿನ ಹೊತ್ತಿಗೆ ಹನ್ನೆರಡರಲ್ಲಿ ಒಂದು ‘ನೀನು’ ಉಳಿದಿತ್ತು. ಬಸ್ಸು ಹೊರಟಾಗ ಕಿಟಕಿಯಿಂದ ಅವಳ ಬಾಯಿತಪ್ಪಿ ಬಂದದ್ದು. ಬೇರೆಯವರ ಪಾತ್ರಗಳು, ಹಾಗಾಗಿ ಅದು ಎಲ್ಲೂ ಅಚ್ಚಾಗಲಿಲ್ಲ. ಆ ಹಾಳೆಗಳು ಇನ್ನೂ ನನ್ನ ಹತ್ತಿರ ಇವೆ.

ಇನ್ನೊಂದು ತಪ್ಪು, ಅದೂ ಸಣ್ಣದಲ್ಲ.

“ನಮ್ಮ ನಡುವೆ ಇರೋದು ಬರೀ ಸ್ನೇಹ ಅನ್ನೋರಿಗೆ ಕಣ್ಣಿಲ್ಲ,” ಎಂದಳು ಸ್ಕಲ್ಲಿ.

ಯಾರಿಗೆ ಹೇಳುತ್ತಿದ್ದಾಳೆ? ಕೋಣೆಯಲ್ಲಿ ಇರುವುದು ಇಬ್ಬರೇ. ಹಾಗೆ ಅಂದವರು ಆ ಊರಲ್ಲಿ ಒಬ್ಬರೂ ಇಲ್ಲ. ಇದು ನೊರೊಮೊಗಳಿಗೆ ನೀವು ಕೊಟ್ಟ ಉತ್ತರ, ಅಲ್ವಾ? ಅದರ ಮುಂದಿನ ಸಾಲು, “ನಮ್ಮ ಪ್ರೀತಿಯನ್ನು ಯಾವ ಲೇಖಕನೂ ತಡೆಯಲಾರ.” ಲೇಖಕ ಅನ್ನುವ ಪದ ಅವಳ ಬಾಯಿಗೆ ಎಲ್ಲಿಂದ ಬಂತು? ತನಗೊಬ್ಬ ಲೇಖಕನಿದ್ದಾನೆ ಅಂತ ಅವಳಿಗೆ ಗೊತ್ತೇ ಇಲ್ಲ. ಎರಡೂ ಸಾಲು ತೆಗೆಯಿರಿ. ಪತ್ರದ ವಾದ ಕಥೆಯೊಳಗೆ ನುಗ್ಗಿ, ಅವಳ ಜಾಗದಲ್ಲಿ ಕೂತಿದೆ.

ಆ ವಾದಕ್ಕೆ ಜಾಗ ಮಾಡಲು ನೀವು ಏನು ಕಿತ್ತು ಹಾಕಿದ್ದೀರಿ ನೋಡಿ. ಮೂಲದಲ್ಲಿ ಸೊಳ್ಳೆ ಕಡಿತ ಅಂತ ಗೊತ್ತಾದ ಮೇಲೆ ಅವಳು ಅಲ್ಲೇ ಉಳಿಯುತ್ತಾಳೆ. ಅವಳು ಹಾಸಿಗೆಯ ಮೇಲೆ, ಅವನು ನೆಲದ ಮೇಲೆ. ತನಗೆ ಹನ್ನೆರಡು ವರ್ಷವಿದ್ದಾಗ, ಎಂಟು ವರ್ಷದ ತಂಗಿ ರಾತ್ರಿ ಮಲಗಿದ್ದ ಹಾಸಿಗೆಯಿಂದಲೇ ಕಾಣೆಯಾದದ್ದನ್ನು ಅವನು ಹೇಳುತ್ತಾನೆ. ಅವಳು ಕೇಳುತ್ತಾಳೆ. ಶಿಪ್ಪರ್‌ಗಳೂ ನೊರೊಮೊಗಳೂ ಇಬ್ಬರೂ ತಮ್ಮದು ಅನ್ನಬಹುದಾದ ದೃಶ್ಯ ಅದು. ನಿಮ್ಮ ಕಥೆಯಲ್ಲಿ ತಂಗಿಯೇ ಇಲ್ಲ.

ತಂಗಿಯನ್ನು ವಾಪಸ್ ತನ್ನಿ. ಮೊದಲಿಂದ ಕೊನೆಯವರೆಗೆ ಇಬ್ಬರಿಗೂ ‘ನೀವು’ ಹಾಕಿ ಒಂದು ಸಲ ಬರೆದು ನೋಡಿ. ಆಮೇಲೆ ‘ನೀನು’ ಯಾವ ಪುಟದಲ್ಲಿ ಬರಬೇಕು ಅನ್ನುವುದು ನಿಮಗೆ ಬಿಟ್ಟದ್ದು. ನನ್ನನ್ನು ಕೇಳಿದರೆ, ಸ್ಕಲ್ಲಿಯೇ ಮೊದಲು ಅನ್ನಬೇಕು. ಈ ಸಲ ಪತ್ರ ಬೇಡ, ಕಥೆ ಮಾತ್ರ ಕಳಿಸಿ. ಕಾಯುತ್ತಿರುತ್ತೇನೆ.