ಅದು ಲೈಕ್ಲಿ ಲೆಟರ್ ಇರಬೇಕು, ಉಳಿದ ಅರ್ಜಿಗಳನ್ನು ಈಗಲೇ ಹಿಂಪಡೆಯಬೇಡಿ

ಮಗಳಿಗೆ ಬಂದ ಪತ್ರದ ಅರ್ಥವೇನು, ಉಳಿದ ಅರ್ಜಿಗಳನ್ನು ಹಿಂಪಡೆಯಬಹುದೇ ಎಂದು ಕೇಳಿದ್ದೀರಿ. ಐವಿ ಲೀಗ್ (ಅಮೆರಿಕದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಕೂಟ) ವಿಶ್ವವಿದ್ಯಾಲಯವೊಂದರಿಂದ ಆಕೆಗೆ ಫೆಬ್ರುವರಿಯಲ್ಲೇ ಬಂದಿರುವ ‘ಪ್ರವೇಶ ದೊರೆಯುವ ಸಂಭವ ಹೆಚ್ಚು’ ಎಂಬ ಪತ್ರ ಬಹುಮಟ್ಟಿಗೆ ಲೈಕ್ಲಿ ಲೆಟರ್, ಅಂದರೆ ಅಧಿಕೃತ ನಿರ್ಧಾರಕ್ಕೆ ಮುನ್ನವೇ ಕಳುಹಿಸುವ ಮುನ್ಸೂಚನೆಯ ಪತ್ರ. ಐವಿ ಲೀಗ್‌ನ ಎಂಟೂ ಸಂಸ್ಥೆಗಳ ಒಪ್ಪಂದದ ಪ್ರಕಾರ ಅಕ್ಟೋಬರ್ 1ರಿಂದ ಇಂಥ ಪತ್ರ ಕಳುಹಿಸಬಹುದು. ಕ್ರೀಡಾಪಟುಗಳಿಗೆ ಹೋಗುವುದೇ ಹೆಚ್ಚು. ಕೈತಪ್ಪಿ ಹೋಗಬಾರದೆನಿಸಿದ ಇತರ ಪ್ರತಿಭಾವಂತರಿಗೂ ಕೆಲವು ಬರುತ್ತವೆ. ಮಾತು ಅಳೆದು ತೂಗಿದಂತಿದ್ದರೂ ಬೆಲೆ ಪ್ರವೇಶ ನೀಡುವ ಅಧಿಕೃತ ಪತ್ರದ್ದೇ: ಅಂಕಗಳು ಕುಸಿಯದೆ, ನಡತೆಯಲ್ಲಿ ದೋಷ ಕಾಣದೆ ಇದ್ದರೆ ಮಾರ್ಚ್ ಕೊನೆಯ ಹೊತ್ತಿಗೆ ಅಧಿಕೃತ ಪತ್ರ ಬರುತ್ತದೆ.

ಮೊದಲು, ಪತ್ರ ಕಳುಹಿಸಿದವರು ಯಾರೆಂದು ನೋಡಿ. ಅದು ಪ್ರವೇಶ ಕಚೇರಿಯಿಂದಲೇ ಬಂದಿರಬೇಕು. ಅಲ್ಲಿನ ಕ್ರೀಡಾ ತರಬೇತುದಾರರು ಎಷ್ಟೇ ಭರವಸೆ ಕೊಟ್ಟಿದ್ದರೂ ಅವರ ಮಾತಿಗೆ ಆ ಬಲವಿಲ್ಲ. ಪ್ರಚಾರದ ಇಮೇಲ್‌ಗಳಿಗಂತೂ ಇಲ್ಲವೇ ಇಲ್ಲ. ಪತ್ರವನ್ನು ನೋಡದೆ ನಾನು ಖಚಿತವಾಗಿ ಹೇಳಲಾರೆ. ಒಕ್ಕಣೆ ಅಸ್ಪಷ್ಟವೆನಿಸಿದರೆ ಮಗಳೇ ಆ ಕಚೇರಿಗೆ ಬರೆದು ಕೇಳಲಿ.

ನಂತರ ಹಣ. ಪಾಲಕರು ಎಡವುವುದು ಇಲ್ಲೇ. ಪತ್ರದಲ್ಲಿ ಆರ್ಥಿಕ ನೆರವಿನ ಮೊತ್ತ ಕಾಣದಿದ್ದರೆ ನೆರವು ಸಿಕ್ಕಿತೆಂದು ದಯವಿಟ್ಟು ಊಹಿಸಬೇಡಿ. ನೆರವಿಗೆ ಅರ್ಜಿ ಹಾಕಿ ದಾಖಲೆಗಳು ಬಾಕಿ ಉಳಿದಿದ್ದರೆ ಈ ವಾರವೇ ಕಳುಹಿಸಿ. ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಐ-20 ನಮೂನೆ ಕೂಡ ಅಧಿಕೃತ ಪ್ರವೇಶ ದೊರೆತು, ಖರ್ಚಿಗೆ ಹಣವಿರುವ ಪುರಾವೆ ಕೊಟ್ಟ ಮೇಲೆಯೇ ಸಿಗುತ್ತದೆ.

ಈ ಪತ್ರ ಆಕೆಯನ್ನು ಕಟ್ಟಿಹಾಕುವುದಿಲ್ಲ. ಸಾಮಾನ್ಯ ಸುತ್ತಿನಲ್ಲಿ (ರೆಗ್ಯುಲರ್ ಡಿಸಿಷನ್) ಅರ್ಜಿ ಹಾಕಿದವರಿಗೆ, ಪ್ರವೇಶ ಒಪ್ಪುವಿರೋ ಇಲ್ಲವೋ ಎಂದು ಉತ್ತರಿಸಲು ಮೇ 1ರವರೆಗೆ ಸಮಯವಿರುತ್ತದೆ. ಅಲ್ಲಿಯವರೆಗೆ ಬೇರೆ ಅರ್ಜಿಗಳು ಹಾಗೆಯೇ ಇರಲಿ. ದ್ವಿತೀಯ ಪಿಯು ಓದು ಮಾತ್ರ ಸಡಿಲವಾಗದಿರಲಿ. ಅಂತಿಮ ಅಂಕಪಟ್ಟಿಯನ್ನು ಅವರು ಕೇಳಿಯೇ ಕೇಳುತ್ತಾರೆ.