ನೀವು ಕೇಳಿದ್ರಿ: ಚರ್ಚಿಗೆ ಹೋಗೋದು ಬೇರೆ, ದೇವರ ಜೊತೆ ಇರೋದು ಬೇರೆನಾ?

ಹೋದ ಸಂಚಿಕೆಲಿ ಬೈಬಲಿನ ಲೂಕ 18ರ ಕಥೆ ಬರ್ದಿದ್ದೆ, ಅದೇ ಫರಿಸಾಯನೂ (ಧರ್ಮದ ನಿಯಮ ಕಟ್ಟುನಿಟ್ಟಾಗಿ ಪಾಲಿಸೋ ಯೆಹೂದಿ ಪಂಗಡದವನು) ಸುಂಕದವನೂ (ಜನ ಪಾಪಿ ಅಂತ ದೂರ ಇಡ್ತಿದ್ದ ತೆರಿಗೆ ವಸೂಲಿಗಾರ) ಪ್ರಾರ್ಥನೆ ಮಾಡೋಕೆ ಅಂತ ದೇವಾಲಯಕ್ಕೆ ಹೋಗಿದ್ದು. ಒಬ್ಬ ವಾರಕ್ಕೆ ಎರಡು ಉಪವಾಸ ಮಾಡ್ತೀನಿ ಅಂತ ಲೆಕ್ಕ ಒಪ್ಪಿಸಿ ಬಂದ, ಇನ್ನೊಬ್ಬ ತಲೆ ಎತ್ತದೆ ಎದೆ ಬಡ್ಕೊಂಡು "ಪಾಪಿಯಾದ ನನ್ನನ್ನು ಕರುಣಿಸು" ಅಂದ, ದೇವರ ಲೆಕ್ಕದಲ್ಲಿ ನೀತಿವಂತನಾಗಿ ಮನೆಗೆ ಹೋಗಿದ್ದು ಎರಡನೆಯವನು. ಅದಾದ್ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಇದೇ ವಿಷಯ, ಹೊರಗಿನ ಭಕ್ತಿ ಯಾವುದು ಒಳಗಿನದು ಯಾವುದು ಅಂತ. ಎಲ್ಲಾ ಹಾಕೋಕೆ ಜಾಗ ಇಲ್ಲ, ಐದು ತಗೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಹೆಚ್ಚಿನವರು ಕೇಳ್ಕೊಂಡಿರೋದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಬ್ರದರ್, ನಾನು ಚಿಕ್ಕ ವಯಸ್ಸಿಂದ ಸಭೆಯಲ್ಲೇ ಬೆಳೆದವಳು. ಕ್ವಾಯರ್‌ನಲ್ಲಿ ಹಾಡ್ತೀನಿ, ಸಂಡೇ ಸ್ಕೂಲ್ ತಗೊಳ್ತೀನಿ, ಶುಕ್ರವಾರ ಉಪವಾಸ, ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲು) ಒಂದು ತಿಂಗಳೂ ತಪ್ಪಿಸಿಲ್ಲ. ಮೊನ್ನೆ ಭಾನುವಾರ ಆರಾಧನೆ ಮುಗಿಸಿ ಮನೆಗೆ ಬಂದು ಹತ್ತು ನಿಮಿಷ ಆಗಿರ್ಲಿಲ್ಲ, ಏನೋ ಒಂದು ಮಾತಿಗೆ ಅತ್ತೆ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡ್ಬಿಟ್ಟೆ. ನನ್ನ ಮಗಳು, ಒಂಬತ್ತು ವರ್ಷ, "ಅಮ್ಮಾ, ಈಗ್ತಾನೆ ಪ್ರೀತಿ ಬಗ್ಗೆ ಪಾಠ ಮಾಡಿದ್ಯಲ್ಲ" ಅಂದ್ಲು. ಅವತ್ತಿಂದ ಸರಿಯಾಗಿ ನಿದ್ದೆ ಬರ್ತಿಲ್ಲ. ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಬರೀ ನಾಟಕನಾ?

ಉತ್ತರ: ಸಿಸ್ಟರ್, ನಾಟಕ ಅನ್ನೋ ಪದ ನೀವೇ ಬಳಸಿದ್ರಿ, ಅಲ್ಲಿಂದಲೇ ಶುರು ಮಾಡ್ತೀನಿ. ನಮ್ಮ ಬೈಬಲಲ್ಲಿ ಕಪಟಿಗಳು ಅಂತ ಇರೋ ಕಡೆ ಮೂಲ ಗ್ರೀಕಲ್ಲಿ ಇರೋದು ಹಿಪೊಕ್ರಿಟೇಸ್, ಅಂದ್ರೆ ರಂಗದ ಮೇಲೆ ಮುಖವಾಡ ಹಾಕ್ಕೊಂಡು ಪಾತ್ರ ಮಾಡೋ ನಟ. ನಟನಿಗೆ ನೋಡೋರು ಬೇಕು, ನೋಡೋರಿಲ್ಲ ಅಂದ್ರೆ ಪಾತ್ರವೂ ಇಲ್ಲ. ಮತ್ತಾಯ 6ರಲ್ಲಿ ಯೇಸುಸ್ವಾಮಿ ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಒಂದಾದ್ಮೇಲೆ ಒಂದು ತಗೋತಾರೆ, ಮೂರಕ್ಕೂ ಒಂದೇ ಪ್ರಶ್ನೆ, ಇದನ್ನ ಯಾರು ನೋಡ್ಲಿ ಅಂತ ಮಾಡ್ತಿದೀಯ. ಮಾಡ್ಲೇಬೇಡ ಅಂತ ಎಲ್ಲೂ ಹೇಳಲ್ಲ, ಗಮನಿಸಿ, "ನೀನು ಉಪವಾಸ ಮಾಡುವಾಗ" ಅಂತಾರೆ, ಅಂದ್ರೆ ಮಾಡ್ತೀಯ ಅಂತ ಇಟ್ಕೊಂಡೇ ಮಾತಾಡ್ತಾರೆ. ಜನಕ್ಕೆ ಕಾಣ್ಲಿ ಅಂತ ಮಾಡೋರ ಬಗ್ಗೆ "ಅವರು ತಮ್ಮ ಫಲವನ್ನು ಹೊಂದಿದ್ದಾಯಿತು" ಅನ್ನೋ ಮಾತಿದೆಯಲ್ಲ, ಅಲ್ಲಿರೋ ಗ್ರೀಕ್ ಪದ ಆ ಕಾಲದ ವ್ಯಾಪಾರದ ರಸೀತಿಗಳಲ್ಲಿ ಬರೀತಿದ್ದ ಪದ, ದುಡ್ಡು ಪೂರ್ತಿ ಬಂತು, ಇನ್ನು ಬಾಕಿ ಏನೂ ಇಲ್ಲ ಅಂತ. ಜನ ಭೇಷ್ ಅಂದ್ರು, ರಸೀತಿ ಹರಿದುಕೊಟ್ಟಾಯ್ತು, ದೇವರ ಹತ್ರ ಕೇಳೋಕೆ ಇನ್ನೇನೂ ಉಳಿದಿಲ್ಲ. (ನಾನು ಉಪವಾಸ ಇದ್ದ ದಿನ ಊಟಕ್ಕೆ ಕರೆದ ಎಲ್ಲರಿಗೂ "ಇಲ್ಲಪ್ಪ, ಇವತ್ತು ಉಪವಾಸ" ಅಂತ ಸ್ವಲ್ಪ ದನಿ ಇಳಿಸಿ ಹೇಳಿದೀನಿ. ದನಿ ಇಳಿಸಿದ್ರೆ ಇನ್ನೂ ಚೆನ್ನಾಗಿ ಕೇಳುತ್ತೆ ನೋಡಿ.)

ಆದ್ರೆ ನಿಮ್ಮ ವಿಷಯ ಪೂರ್ತಿ ನಾಟಕ ಅಂತ ನನಗೆ ಅನ್ಸಲ್ಲ. ನಟನಿಗೆ ತಾನು ನಟಿಸ್ತಿದೀನಿ ಅಂತ ಗೊತ್ತಿರುತ್ತೆ, ಪರದೆ ಬಿದ್ದ ಮೇಲೆ ನಿದ್ದೆನೂ ಚೆನ್ನಾಗೇ ಬರುತ್ತೆ. ನಿಮಗೆ ಆಗಿರೋದು ಬೇರೆ, ಅಭ್ಯಾಸ ಬೆಳೀತಾ ಹೋಯ್ತು, ಅದ್ರ ಒಳಗೆ ಇರ್ಬೇಕಾದ ದೇವರ ಕಡೆ ಗಮನ ಹೋಗ್ಲೇ ಇಲ್ಲ. ಇದು ತುಂಬಾ ಜನಕ್ಕೆ ಆಗುತ್ತೆ, ಅದರಲ್ಲೂ ಸಭೆಯ ಕೆಲಸ ಜಾಸ್ತಿ ಮಾಡೋರಿಗೇ ಆಗುತ್ತೆ, ಯಾಕಂದ್ರೆ ದೇವರ ಕೆಲಸದಲ್ಲಿ ಬಿಜಿ ಇರೋದೇ ದೇವರ ಜೊತೆ ಇರೋದು ಅಂತ ಅಂದ್ಕೊಂಡ್ಬಿಡ್ತೀವಿ.

ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಜಾನ್ ವೆಸ್ಲಿ ಕಥೆ ನಿಮಗೆ ಉಪಯೋಗ ಆಗ್ಬಹುದು. 1728ರಲ್ಲೇ ಪಾದ್ರಿಯಾಗಿ ಅಭಿಷೇಕ ಆದವರು, ಆಕ್ಸ್‌ಫರ್ಡ್‌ನಲ್ಲಿ ತಮ್ಮ ಗೆಳೆಯರ ಜೊತೆ ಸೇರಿ ಎಷ್ಟು ಕಟ್ಟುನಿಟ್ಟು ಅಂದ್ರೆ ವಾರಕ್ಕೆ ಎರಡು ದಿನ ಉಪವಾಸ, ಜೈಲಿಗೆ ಹೋಗಿ ಕೈದಿಗಳನ್ನ ನೋಡೋದು, ಟೈಮ್ ಟೇಬಲ್ ಹಾಕ್ಕೊಂಡು ಪ್ರಾರ್ಥನೆ, ಜನ ಆಡ್ಕೊಂಡು ಇವರನ್ನ ಮೆಥಡಿಸ್ಟ್ ಅಂತ ಕರೀತಿದ್ರು, ಆ ಹೆಸರೇ ಮುಂದೆ ಒಂದು ದೊಡ್ಡ ಸಭೆಯ ಹೆಸರಾಯ್ತು. 1735ರಲ್ಲಿ ಸುವಾರ್ತೆ ಸಾರೋಕೆ ಅಂತ ಅಮೆರಿಕದ ಜಾರ್ಜಿಯಾಗೆ ಹಡಗು ಹತ್ತಿದ್ರು, ದಾರೀಲಿ ಬಿರುಗಾಳಿ ಬಂದಾಗ ಇವರಿಗೆ ಪ್ರಾಣಭಯ, ಅದೇ ಹಡಗಲ್ಲಿದ್ದ ಮೊರೇವಿಯನ್ ಅನ್ನೋ ಕ್ರೈಸ್ತ ಪಂಗಡದ ವಿಶ್ವಾಸಿಗಳು, ಹೆಂಗಸರು ಮಕ್ಕಳು ಸೇರಿ, ಶಾಂತವಾಗಿ ಕೀರ್ತನೆ ಹಾಡ್ತಾ ಇದ್ರು. ಅವರ ಹತ್ರ ಇರೋದು ನನ್ನ ಹತ್ರ ಇಲ್ಲ ಅಂತ ವೆಸ್ಲಿಗೆ ಅಲ್ಲೇ ಹೊಳೀತು. ಜಾರ್ಜಿಯಾದ ಸೇವೆನೂ ಕೈ ಹಿಡೀಲಿಲ್ಲ, ಸೋತು ಇಂಗ್ಲೆಂಡಿಗೆ ವಾಪಸ್ ಬಂದ್ರು. 1738ರ ಮೇ 24ರ ಸಂಜೆ, ಮನಸ್ಸಿಲ್ಲದ ಮನಸ್ಸಿಂದ ಲಂಡನ್‌ನ ಆಲ್ಡರ್ಸ್‌ಗೇಟ್ ಬೀದಿಲಿ ಒಂದು ಕೂಟಕ್ಕೆ ಹೋದ್ರು, ಅಲ್ಲಿ ಯಾರೋ ರೋಮಾಪುರದವರ ಪತ್ರಕ್ಕೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದ್ತಿದ್ರು, ಕೇಳ್ತಾ ಕೇಳ್ತಾ ಇವರ ಎದೆಯಲ್ಲಿ ಏನೋ ಒಂಥರಾ ಬೆಚ್ಚಗಾಯ್ತು, ಕ್ರಿಸ್ತನೊಬ್ಬನನ್ನೇ ನಂಬಿದೀನಿ, ನನ್ನ ಪಾಪವನ್ನೇ ಆತ ತೆಗೆದುಹಾಕಿದಾನೆ ಅನ್ನೋ ಭರವಸೆ ಬಂತು ಅಂತ ದಿನಚರಿಲಿ ಬರ್ಕೊಂಡಿದಾರೆ. ಪಾದ್ರಿಯಾಗಿ ಹತ್ತು ವರ್ಷ ಆದ್ಮೇಲೆ! ನನಗೆ ಇದಕ್ಕಿಂತ ಮುಖ್ಯ ಅನ್ಸೋದು ಆಮೇಲಿನ ಕಥೆ. ಅವರು ಉಪವಾಸ ಬಿಡ್ಲಿಲ್ಲ, ಪ್ರಾರ್ಥನೆ ಬಿಡ್ಲಿಲ್ಲ, ಬಡವರ ಹತ್ರ ಹೋಗೋದು ಬಿಡ್ಲಿಲ್ಲ, ಮೊದಲಿಗಿಂತ ಜಾಸ್ತಿನೇ ಮಾಡಿದ್ರು. ಮೊದಲು ದೇವರು ಒಪ್ಲಿ ಅಂತ ಮಾಡ್ತಿದ್ರು, ಆಮೇಲೆ ಒಪ್ಪಿದಾನೆ ಅಂತ ಮಾಡಿದ್ರು.

ಇನ್ನು ನಿಮ್ಮ ಮಗಳು ಹೇಳಿದ್ದು. ಯಾಕೋಬ 1:26 ತೆಗೆದು ನೋಡಿ, ತಾನು ಭಕ್ತ ಅಂದ್ಕೊಂಡವನು ನಾಲಿಗೆಗೆ ಕಡಿವಾಣ ಹಾಕದಿದ್ರೆ ಅವನ ಭಕ್ತಿ ವ್ಯರ್ಥ ಅಂತಿದೆ, ಅದರ ಮುಂದಿನ ವಚನದಲ್ಲೇ ಶುದ್ಧವಾದ ಭಕ್ತಿ ಅಂದ್ರೆ ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಕಷ್ಟದಲ್ಲಿ ನೋಡ್ಕೊಳ್ಳೋದು, ಲೋಕದ ಕೊಳೆ ಹತ್ತದ ಹಾಗೆ ಇರೋದು ಅಂತ. ಹಾಡಿನ ಸುದ್ದಿ ಇಲ್ಲ ಅಲ್ಲಿ, ನಾಲಿಗೆ ಸುದ್ದಿ ಇದೆ. ಹಂಗಂತ ಕ್ವಾಯರ್ ಬಿಡಿ ಅಂತ ನಾನು ಹೇಳಲ್ಲ. ಕಾಣಿಕೆ ತಂದು ಯಜ್ಞವೇದಿ ಹತ್ರ ನಿಂತಾಗ ಯಾರಿಗೋ ನಿನ್ನ ಮೇಲೆ ಬೇಸರ ಇದೆ ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡ್ಕೊ, ಆಮೇಲೆ ಬಂದು ಕೊಡು ಅಂತ ಮತ್ತಾಯ 5ರಲ್ಲಿದೆ. ಅತ್ತೆ ಹತ್ರ ಹೋಗಿ ತಪ್ಪಾಯ್ತು ಅನ್ನಿ. "ಆದ್ರೆ ನೀವೂ ಹಂಗಂದ್ರಲ್ಲ" ಅಂತ ಬಾಲ ಸೇರಿಸ್ಬೇಡಿ. ಮಗಳ ಮುಂದೆನೇ ಕೇಳಿ, ಕೂಗಾಡಿದ್ದು ಅವಳ ಮುಂದೆನೇ ಅಲ್ವಾ.

ಪ್ರಶ್ನೆ: ಅಣ್ಣಾ, ನಾನು ಎರಡು ವರ್ಷದಿಂದ ಚರ್ಚಿಗೆ ಹೋಗ್ತಿಲ್ಲ. ಅಲ್ಲಿ ಎಲ್ಲಾ ಡಬಲ್ ಸ್ಟ್ಯಾಂಡರ್ಡ್, ಕಮಿಟಿ ಎಲೆಕ್ಷನ್ ಜಗಳ, ಯಾರು ಮುಂದಿನ ಸಾಲಲ್ಲಿ ಕೂರ್ಬೇಕು ಅನ್ನೋ ರಾಜಕೀಯ. ನಾನು ಮನೇಲೇ ಯೂಟ್ಯೂಬಲ್ಲಿ ಪ್ರಸಂಗ ಕೇಳ್ತೀನಿ, ಒಬ್ಬನೇ ಪ್ರಾರ್ಥನೆ ಮಾಡ್ತೀನಿ. ಯೇಸು ಕೂಡ ಧರ್ಮದ ವಿರುದ್ಧನೇ ಇದ್ರು ಅಲ್ವಾ?

ಉತ್ತರ: ತಮ್ಮಾ, ಮುಂದಿನ ಸಾಲಿನ ಕುರ್ಚಿ ಜಗಳ ಹೊಸದೇನಲ್ಲ, ಮತ್ತಾಯ 23ರಲ್ಲೇ ಇದೆ, ಸಭಾಮಂದಿರದಲ್ಲಿ ಮುಖ್ಯ ಪೀಠ ಬೇಕು ಅನ್ನೋರು. ಅದೇ ಅಧ್ಯಾಯದಲ್ಲಿ ಸೊಳ್ಳೆ ಸೋಸಿ ಒಂಟೆ ನುಂಗೋರು, ಸುಣ್ಣ ಬಳಿದ ಸಮಾಧಿಗಳು ಅಂತೆಲ್ಲ ಬೈದಿರೋದು ಓದಿದ್ರೆ ಯೇಸು ಧರ್ಮದ ವಿರುದ್ಧನೇ ಅನ್ಸುತ್ತೆ, ನಿಜ. ಆದ್ರೆ ಅದರ ಮಧ್ಯದಲ್ಲೇ ಒಂದು ಮಾತಿದೆ, ಪುದೀನ ಸಬ್ಬಸಿಗೆ ಜೀರಿಗೆಲೂ ಹತ್ತರಲ್ಲೊಂದು ಪಾಲು ಕೊಡ್ತೀರಿ, ನ್ಯಾಯ ಕರುಣೆ ನಂಬಿಕೆ ಬಿಟ್ಟಿದೀರಿ, ಇವನ್ನ ಮಾಡ್ಬೇಕಿತ್ತು, *ಅವನ್ನೂ ಬಿಡಬಾರದಿತ್ತು*. ಈ ಕೊನೆ ತುಂಡನ್ನ ನಾವು ಓದೋದೇ ಇಲ್ಲ. ಸಬ್ಬತ್ ದಿನ (ಯೆಹೂದ್ಯರ ವಾರದ ವಿಶ್ರಾಂತಿ ದಿನ) ಸಭಾಮಂದಿರಕ್ಕೆ ಹೋಗೋದು ಯೇಸುವಿನ ವಾಡಿಕೆ ಆಗಿತ್ತು ಅಂತ ಲೂಕ 4:16 ಹೇಳುತ್ತೆ, ಕುಷ್ಠ ವಾಸಿಯಾದವನಿಗೆ ಹೋಗಿ ಯಾಜಕನಿಗೆ ತೋರಿಸ್ಕೊ ಅಂತಾರೆ, ಹಬ್ಬಕ್ಕೆ ಯೆರೂಸಲೇಮಿಗೆ ಹೋಗ್ತಾರೆ. ಅಲ್ಲಿದ್ದೋರೆಲ್ಲ ಶುದ್ಧವಾಗಿದ್ರು ಅಂತ ಅಲ್ಲ, ದೇವಾಲಯದಲ್ಲಿ ಹಣ ಬದಲಾಯಿಸೋರ ಮೇಜು ಕೆಡವಿದ್ದೂ ಅವರೇ ತಾನೆ.

ಪ್ರವಾದಿಗಳದ್ದೂ ಇದೇ ಕಥೆ. ನಿಮ್ಮ ಹಬ್ಬಗಳು ನನಗೆ ಅಸಹ್ಯ, ನಿಮ್ಮ ಹಾಡುಗಳ ಗದ್ದಲ ತೊಲಗಲಿ ಅಂತ ಆಮೋಸನ 5ನೇ ಅಧ್ಯಾಯದಲ್ಲಿ ದೇವರೇ ಹೇಳಿದ್ದು, ಆದ್ರೆ ಮುಂದಕ್ಕೆ ಓದಿದ್ರೆ ನ್ಯಾಯ ನೀರಿನ ಹಾಗೆ ಹರೀಲಿ ಅಂತ ಬರುತ್ತೆ, ಎಲ್ರೂ ಮನೇಲಿ ಕೂತ್ಕೊಳ್ಳಿ ಅಂತ ಬರಲ್ಲ.

ನೀನು ಬೇಜಾರು ಮಾಡ್ಕೊಳ್ದೆ ಇದ್ರೆ ಇನ್ನೊಂದು ಹೇಳ್ತೀನಿ. ಲೂಕ 18ರ ಫರಿಸಾಯನ ಪ್ರಾರ್ಥನೆ ಶುರುವಾಗೋದು "ನಾನು ಉಳಿದವರ ಹಾಗಲ್ಲ" ಅಂತ. ನಿನ್ನ ಪತ್ರದಲ್ಲೂ ಅದೇ ಸಾಲು ಕಾಣ್ತು ನನಗೆ, ಏನಂದ್ರೆ ಈ ಸಲ ಫರಿಸಾಯನ ಜಾಗದಲ್ಲಿ ಚರ್ಚಿಗೆ ಹೋಗದೆ ಇರೋನು ನಿಂತಿದಾನೆ. ಮೊಬೈಲಲ್ಲಿ ಪ್ರಸಂಗ ಕೇಳೋದು ತಪ್ಪಲ್ಲ, ನಾನೂ ಕೇಳ್ತೀನಿ, ಆದ್ರೆ ಮೊಬೈಲಲ್ಲಿ ಇರೋ ಪಾಸ್ಟರ್ ನಿನಗೆ ಸಿಟ್ಟು ಬರಿಸಲ್ಲ, ಸಾಲ ಕೇಳಲ್ಲ, ಬೋರ್ ಆದ್ರೆ ಮುಂದಕ್ಕೆ ತಳ್ಳಬಹುದು. ಒಬ್ಬರನ್ನೊಬ್ಬರು ಸಹಿಸ್ಕೊಳ್ಳಿ, ಕ್ಷಮಿಸಿ ಅಂತ ಕೊಲೊಸ್ಸೆಯವರಿಗೆ ಪೌಲ ಬರ್ದಿದ್ದು, ಸಹಿಸ್ಕೊಳ್ಳೋಕೆ ಕಷ್ಟ ಆಗೋ ಜನನೇ ಇಲ್ಲದ ಕಡೆ ಅದನ್ನ ಹೆಂಗೆ ಕಲಿಯೋದು? ಅದೇ ಚರ್ಚಿಗೆ ಹೋಗು ಅಂತಿಲ್ಲ. ಅಲ್ಲಿ ನಿಜವಾಗ್ಲೂ ಯಾರಿಗಾದ್ರೂ ಅನ್ಯಾಯ, ದೌರ್ಜನ್ಯ ಆಗ್ತಿದ್ರೆ ಬಿಟ್ಟು ಬಂದಿದ್ದೇ ಸರಿ. ಹಾಗಿಲ್ಲ, ಬರೀ ಜನರ ಸಣ್ಣತನ ಅಷ್ಟೇ ಅಂದ್ರೆ ಇಬ್ಬರೋ ಮೂವರೋ ಆದ್ರೂ ಸರಿ, ಮುಖ ನೋಡ್ಕೊಂಡು ಕೂತು ಪ್ರಾರ್ಥನೆ ಮಾಡೋರನ್ನ ಹುಡುಕು.

ಪ್ರಶ್ನೆ: ಪ್ರಾರ್ಥನೆ ಕೂಟದಲ್ಲಿ ಎಲ್ಲರೂ ಅಳ್ತಾರೆ, ಕೆಲವರು ಅನ್ಯಭಾಷೆಯಲ್ಲಿ (ಪವಿತ್ರಾತ್ಮ ಆಡಿಸುತ್ತೆ ಅಂತ ನಂಬೋ, ಕೇಳೋರಿಗೆ ಅರ್ಥ ಆಗದ ಮಾತು) ಮಾತಾಡ್ತಾರೆ. ನನಗೆ ಕಣ್ಣಲ್ಲಿ ಒಂದು ಹನಿ ನೀರೂ ಬರಲ್ಲ. ನನ್ನಲ್ಲಿ ಪವಿತ್ರಾತ್ಮ ಇಲ್ವಾ ಅಂತ ಭಯ ಆಗ್ತಿದೆ.

ಉತ್ತರ: ಕಣ್ಣೀರೂ ಹೊರಗೆ ಕಾಣೋದೇ ಅಲ್ವಾ? ಒಳಗಿನದು ಅಂತ ನಾವು ಅಂದ್ಕೊಂಡಿರೋದು ಎಷ್ಟೋ ಸಲ ಹೊರಗಿನದೇ ಆಗಿರುತ್ತೆ, ಉಪವಾಸ ಹೊರಗಿನದು ಅಂತ ಬೇಗ ಗೊತ್ತಾಗುತ್ತೆ, ಭಾವನೆನೂ ಹೊರಗಿನದು ಅಂತ ಸ್ವಲ್ಪ ಲೇಟಾಗಿ ಗೊತ್ತಾಗುತ್ತೆ ಅಷ್ಟೆ. ಕೊರಿಂಥ ಸಭೆ ನೋಡಿ, ಅನ್ಯಭಾಷೆ, ಪ್ರವಾದನೆ, ಯಾವ ವರಕ್ಕೂ ಕೊರತೆ ಇರ್ಲಿಲ್ಲ. ಆದ್ರೆ ನಾನು ಪೌಲನವನು ನಾನು ಅಪೊಲ್ಲೋಸನವನು ಅಂತ ಗುಂಪುಗಾರಿಕೆ, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗೋದು, ಕರ್ತನ ಭೋಜನಕ್ಕೆ ಸೇರಿದಾಗ ಕೆಲವರು ಮೊದಲೇ ಹೊಟ್ಟೆ ತುಂಬ ತಿಂದು ಕುಡಿದು ಅಮಲೇರಿಸ್ಕೊಂಡಿದ್ರೆ ಇಲ್ಲದವರು ಹಸ್ಕೊಂಡು ನೋಡ್ತಾ ಕೂರೋದು. ಅಂಥವರಿಗೇ ಪೌಲ ತನ್ನ ಮೊದಲ ಕೊರಿಂಥ ಪತ್ರದ ಆ 13ನೇ ಅಧ್ಯಾಯ ಬರ್ದಿದ್ದು, ಪ್ರೀತಿ ಇಲ್ಲ ಅಂದ್ರೆ ದೇವದೂತರ ಭಾಷೆ ಆಡಿದ್ರೂ ಬರೀ ತಾಳದ ಸದ್ದು ಅಂತ. ನಾವು ಅದನ್ನ ಮದುವೆಯಲ್ಲಿ ಓದೋಕೆ ಇಟ್ಕೊಂಡಿದೀವಿ, ಬರ್ದಿದ್ದು ಜಗಳಗಂಟರಿಗೆ.

ಗಲಾತ್ಯ 5ರಲ್ಲಿ ಆತ್ಮದ ಫಲ ಅಂತ ಒಂಬತ್ತು ಬರುತ್ತೆ, ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ ಹೀಗೆ, ಅದರಲ್ಲಿ ಅಳು ಇಲ್ಲ. ಅಳೋರದ್ದು ಸುಳ್ಳು ಅಂತ ಅರ್ಥ ಅಲ್ಲ ಮತ್ತೆ, ಯೇಸುವೇ ಲಾಜರನ ಸಮಾಧಿ ಹತ್ರ ಅತ್ತರು. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಎಷ್ಟೋ ಜನ ಬೆಚ್ಚಿಬಿದ್ರು, ದೇವರು ಹತ್ರ ಇದಾನೆ ಅನ್ನೋ ಅನುಭವನೇ ಇಲ್ಲದೆ ಹತ್ತಾರು ವರ್ಷ ಕಳೆದಿದ್ರು ಆಕೆ. ಆ ವರ್ಷಗಳಲ್ಲೆಲ್ಲ ಸಾಯೋರ ಪಕ್ಕದಲ್ಲಿ ಕೂತೇ ಇದ್ರು. ನೀವು ಕೂಟಕ್ಕೆ ಹೋಗಿ, ಸುಮ್ನೆ ಕೂತ್ಕೊಳ್ಳಿ, ಬರದ ಅಳುನ ಬರಿಸ್ಕೊಳ್ಳೋಕೆ ಮಾತ್ರ ಹೋಗ್ಬೇಡಿ, ಅಲ್ಲಿಂದ ನಿಜವಾದ ನಾಟಕ ಶುರುವಾಗುತ್ತೆ.

ಪ್ರಶ್ನೆ: ಎಡಗೈಗೆ ತಿಳಿಯದ ಹಾಗೆ ಕೊಡು ಅಂತಾರೆ, ಇನ್ನೊಂದು ಕಡೆ ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಅಂತಾರೆ. ದಾನ ಕೊಟ್ಟ ಫೋಟೋ ಸ್ಟೇಟಸ್ ಹಾಕ್ಬಹುದಾ ಬೇಡ್ವಾ?

ಉತ್ತರ: ಬೆಳಕಿನ ವಚನ ಪೂರ್ತಿ ಓದಿ, ಜನ ನಿಮ್ಮ ಒಳ್ಳೇ ಕೆಲಸ ನೋಡಿ *ಪರಲೋಕದ ತಂದೆಯನ್ನ* ಕೊಂಡಾಡ್ಲಿ ಅಂತಿದೆ. ಸ್ಟೇಟಸ್ ಹಾಕಿದ್ಮೇಲೆ ಯಾರು ಯಾರು ನೋಡಿದ್ರು ಅಂತ ಎಷ್ಟು ಸಲ ತೆಗೆದು ನೋಡ್ತೀರಿ ಅನ್ನೋದ್ರಲ್ಲೇ ಉತ್ತರ ಇದೆ. ಇನ್ನೊಂದು ವಿಷಯ, ಫೋಟೋದಲ್ಲಿ ಕೈ ಚಾಚಿ ನಿಂತಿರೋ ಮನುಷ್ಯನಿಗೂ ಒಂದು ಮುಖ ಇದೆ, ಮರ್ಯಾದೆ ಇದೆ. ಅವನನ್ನ ಕೇಳಿದ್ರಾ? ಹಾಕ್ಬೇಡಿ.

ಪ್ರಶ್ನೆ: ಹೋದ ಸಂಚಿಕೆಯ ನಿಮ್ಮ ಲೇಖನ ಓದಿದ ತಕ್ಷಣ ನನಗೆ ನೆನಪಾಗಿದ್ದು ನಮ್ಮ ಭಾವ, ಥೇಟ್ ಫರಿಸಾಯ. ಅವರಿಗೆ ಆ ಪುಟ ಕಳಿಸೋಣ ಅಂತಿದೀನಿ. ಹೆಂಗೆ ಕಳಿಸಿದ್ರೆ ನಾಟುತ್ತೆ?

ಉತ್ತರ: ನಾತಾನ ಪ್ರವಾದಿ ದಾವೀದ ಅರಸನಿಗೆ ಒಂದು ಕಥೆ ಹೇಳ್ತಾನೆ, ಬಡವನ ಹತ್ರ ಇದ್ದ ಒಂದೇ ಒಂದು ಕುರಿಮರೀನ ಶ್ರೀಮಂತ ಕಿತ್ಕೊಂಡ ಕಥೆ. ದಾವೀದನಿಗೆ ಆ ಶ್ರೀಮಂತನ ಮೇಲೆ ಎಲ್ಲಿಲ್ಲದ ಕೋಪ ಬರುತ್ತೆ, ಅಂಥವನು ಸಾಯಲೇಬೇಕು ಅಂತಾನೆ. ಆಗ ನಾತಾನ ಹೇಳಿದ್ದನ್ನ 2 ಸಮುವೇಲ 12:7ರಲ್ಲಿ ನೋಡ್ಕೊಳ್ಳಿ, ಸಣ್ಣ ಮಾತು, "ಆ ಮನುಷ್ಯನು ನೀನೇ". ನಿಮ್ಮ ಪತ್ರ ಓದಿ ನಾನು ನಕ್ಕೆ, ನಕ್ಕಾದ್ಮೇಲೆ ಆ ಲೇಖನ ಬರೆಯುವಾಗ ನನ್ನ ತಲೇಲಿ ಯಾರಿದ್ರು ಅಂತ ನೆನಪಾಗಿ ನಗು ಅಲ್ಲೇ ನಿಂತೋಯ್ತು, ಅವರೂ ಈ ಪತ್ರಿಕೆ ಓದ್ತಾರೆ.

ಭಾವನಿಗೆ ಕಳಿಸ್ಬೇಡಿ. ಒಂದು ಸಲ ಹಂಗೇ ಫೋನ್ ಮಾಡಿ ಹೇಗಿದೀರಿ ಅಂತ ಕೇಳಿ.