ಜಿಪಿಎಸ್ ಇಲ್ಲದ ಕಾಲದಲ್ಲಿ ದೂರದ ಕಾಡು ನದಿಗಳ ನಕ್ಷೆ ಹೇಗೆ ಮಾಡಿದರು?

1950ರ ಸುಮಾರಿಗೆ ರಸ್ತೆಯೇ ಇಲ್ಲದ ಕಡೆಯ ನದಿಗಳನ್ನು ನಕ್ಷೆಗೆ ಹೇಗೆ ಇಳಿಸಿದರು, ಎಲ್ಲಾ ವಿಮಾನದಿಂದಲೇ ಆಯಿತಾ ಎಂದು ಕೇಳಿದ್ದೀರಿ. ಕೆನಡಾದ ಉತ್ತರ ಭಾಗವನ್ನೇ ಇಟ್ಟುಕೊಂಡು ಹೇಳುತ್ತೇನೆ. ಭೂವಿಜ್ಞಾನ ಓದುವಾಗಿನಿಂದ ನನಗೆ ಇದು ತುಂಬಾ ಇಷ್ಟದ ವಿಷಯ.

ಫೋಟೋ ತೆಗೆದದ್ದು ವಿಮಾನದಿಂದಲೇ. ಎರಡನೇ ಮಹಾಯುದ್ಧದ ಹೊತ್ತಿಗೆ ಟ್ರೈಮೆಟ್ರೋಗನ್ ಎಂಬ ಪದ್ಧತಿ ಬಂದಿತ್ತು. ಒಂದು ಕ್ಯಾಮೆರಾ ನೇರ ಕೆಳಕ್ಕೆ, ಇನ್ನೆರಡು ಎಡಕ್ಕೂ ಬಲಕ್ಕೂ ಓರೆಯಾಗಿ. ಮೂರರಲ್ಲೂ ಒಟ್ಟಿಗೆ ಫೋಟೋ ತೆಗೆದರೆ ಈ ದಿಗಂತದಿಂದ ಆ ದಿಗಂತದವರೆಗೆ ನೆಲ ಸಿಗುತ್ತಿತ್ತು. ಅಕ್ಕಪಕ್ಕದ ಎರಡು ಫೋಟೋಗಳಲ್ಲಿ ಒಂದೇ ಜಾಗ ಬಂದಿದ್ದರೆ, ಸ್ಟೀರಿಯೋಸ್ಕೋಪಿನಲ್ಲಿ (ಒಂದೊಂದು ಕಣ್ಣಿಗೆ ಒಂದೊಂದು ಫೋಟೋ ತೋರಿಸುವ ಸಾಧನ) ಗುಡ್ಡ ಎದ್ದು ನಿಲ್ಲುತ್ತದೆ, ಕಣಿವೆ ಆಳಕ್ಕಿಳಿಯುತ್ತದೆ. ಮೊದಲ ಸಲ ನೋಡಿದವರು ಬೆರಗಾಗದೆ ಇರುವುದಿಲ್ಲ.

ಆದರೆ ಆ ನದಿ ಭೂಮಿಯ ಮೇಲೆ ಸರಿಯಾಗಿ ಎಲ್ಲಿದೆ? ಅದನ್ನು ಫೋಟೋ ಹೇಳುವುದಿಲ್ಲ. ಅದಕ್ಕೆ ಸರ್ವೆಯವರು ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಯಾವುದೋ ಸರೋವರಕ್ಕೆ ಹೋಗಿ, ದಡದಲ್ಲಿ ಡೇರೆ ಹಾಕಿ, ನಕ್ಷತ್ರ ನೋಡಿ ಅಕ್ಷಾಂಶ, ರೇಖಾಂಶ ಲೆಕ್ಕ ಹಾಕುತ್ತಿದ್ದರು. ಮೋಡ ಕವಿದರೆ ಸುಮ್ನೆ ಕಾಯಬೇಕು. ಜೊತೆಗೆ ನಡುಬೇಸಿಗೆಯಲ್ಲಿ ಅಲ್ಲಿ ರಾತ್ರಿ ಸರಿಯಾಗಿ ಕತ್ತಲೇ ಆಗುವುದಿಲ್ಲ!

ಹೀಗೆ ಜಾಗಗಳ ಸ್ಥಾನ ಗುರುತಿಸಲೆಂದೇ 1949ರಿಂದ 1957ರವರೆಗೆ ಶೋರಾನ್ ಎಂಬ ರೇಡಿಯೋ ಅಳತೆಯೂ ನಡೆಯಿತು. ನೂರಾರು ಕಿಲೋಮೀಟರ್ ದೂರದಲ್ಲಿ ಎರಡು ಕೇಂದ್ರ. ಅವುಗಳ ನಡುವಿನ ಗೆರೆಯನ್ನು ವಿಮಾನ ಅಡ್ಡ ದಾಟುತ್ತದೆ. ಎರಡೂ ಕೇಂದ್ರಕ್ಕೆ ಸಂಕೇತ ಹೋಗಿ ಬರುವ ಸಮಯದಿಂದ ದೂರ ಸಿಗುತ್ತದೆ. ಎರಡು ದೂರಗಳ ಮೊತ್ತ ಅತಿ ಕಡಿಮೆಯಾದ ಕ್ಷಣವೇ ಗೆರೆ ದಾಟಿದ ಕ್ಷಣ. ಅದರಿಂದ ಕೇಂದ್ರಗಳ ನಡುವಿನ ದೂರ ತೆಗೆದು, ತ್ರಿಕೋನದ ಪಕ್ಕ ತ್ರಿಕೋನ ಕಟ್ಟುತ್ತಾ ಹೋದರು. ಎಂಥಾ ಜಾಣತನ, ಅಲ್ವಾ?

ಅಲ್ಲಿಯವರೆಗೆ ನಕ್ಷೆ ಎಷ್ಟು ಖಾಲಿ ಇತ್ತು ಅಂದರೆ, 1948ರಲ್ಲಿ ಫಾಕ್ಸ್ ಬೇಸಿನ್ ಎಂಬ ಉತ್ತರದ ಸಮುದ್ರದಲ್ಲಿ ಕೆನಡಾ ವಾಯುಪಡೆಯವರಿಗೆ ಸುಮಾರು 9,500 ಚದರ ಕಿಲೋಮೀಟರಿನ ಒಂದು ದ್ವೀಪವೇ ಕಣ್ಣಿಗೆ ಬಿತ್ತು. ಈಗ ಅದು ಪ್ರಿನ್ಸ್ ಚಾರ್ಲ್ಸ್ ದ್ವೀಪ. ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರಿಗೆ ಅದು ಮೊದಲೇ ಗೊತ್ತಿತ್ತು.

ಅದಕ್ಕೇ ಇವನ್ನು 'ಯಾರೂ ಕಾಣದ ನದಿಗಳು' ಅನ್ನುವುದನ್ನು ನಾನು ಒಪ್ಪುವುದಿಲ್ಲ. ರಭಸ ಎಲ್ಲಿ ಜಾಸ್ತಿ, ದೋಣಿಯನ್ನು ಹೆಗಲಿಗೇರಿಸಿ ಎಲ್ಲಿ ನಡೆಯಬೇಕು ಎಂಬುದು ಅಲ್ಲಿನ ಮೂಲನಿವಾಸಿಗಳಾದ ದೆನೆ ಮತ್ತು ಇನುಯಿಟ್ ಜನರಿಗೆ ತಲೆಮಾರುಗಳಿಂದ ಗೊತ್ತು. ಅವರಿಟ್ಟ ಎಷ್ಟೋ ಹೆಸರುಗಳು ಆಗಿನ ನಕ್ಷೆಗಳಿಗೆ ಬರಲೇ ಇಲ್ಲ. ಈಗೀಗ ಸೇರಿಸುತ್ತಿದ್ದಾರೆ.

ಹಳೆಯ ವಿಮಾನ ಫೋಟೋಗಳನ್ನು ನೋಡುವ ಆಸೆ ಇದ್ದರೆ, ಒಟ್ಟಾವಾದಲ್ಲಿರುವ ಕೆನಡಾ ಸರ್ಕಾರದ ವಿಮಾನ ಫೋಟೋ ಸಂಗ್ರಹದಲ್ಲಿ ಲಕ್ಷಗಟ್ಟಲೆ ಇವೆ.